ಎಂಟ್ರಿಗೆ ಶಿಳ್ಳೆ ಹೊಡೆಯದ ಅಭಿಮಾನಿ

"ಏಯ್, ಯಾರ್ರಿ ಇದನ್ನ ಹಾಸಿದ್ದು? ಮೊದ್ಲು ಕಂಬಳಿ ತೆಗೀರಿ!"

ಹೊಳಲ್ಕೆರೆಯ ಟಾಕೀಸಿನ ಮುಂದೆ ತಮಟೆ ಬಡಿಯುತ್ತಿದ್ದವರ ಕೈ ನಿಂತಿತು. ಹಾಲಿನ ಕೊಡ ಹಿಡಿದವರು ತಿರುಗಿ ನೋಡಿದರು. ಖಾಕಿ ಅಂಗಿಯ ಹುಡುಗಿಯೊಬ್ಬಳು ಜನರನ್ನು ಮೊಣಕೈಯಲ್ಲೇ ಸರಿಸಿಕೊಂಡು ಮುಂದೆ ಬರುತ್ತಿದ್ದಳು.

ಅವಳು ಅಂಜಲಿ. ಹೊಳಲ್ಕೆರೆ–ಚಿತ್ರದುರ್ಗ ಬಸ್ಸಿನ ಕಂಡಕ್ಟರ್. ಅವಳಿಗೆ ಕೋಪ ಬಂದರೆ ಡ್ರೈವರ್ ಕೂಡ ಹಾರನ್ ಹೊಡೆಯಲು ಹಿಂದೆಮುಂದೆ ನೋಡುತ್ತಿದ್ದ.

ಅಂದು ನಟ ಶಿವಕಾಂತ್ ಅವರ 'ಜೋಗಿಗುಡ್ಡದ ಕಾವಲುಗಾರ' ಬಿಡುಗಡೆಯಾಗಿ ಐವತ್ತು ವರ್ಷ ತುಂಬಿದ ದಿನ. ಟಾಕೀಸಿನ ಬಾಗಿಲಲ್ಲಿ ದೊಡ್ಡ ಕಟೌಟು. ಬೂಟು ತೊಟ್ಟ ಅರಣ್ಯ ಕಾವಲುಗಾರ. ಆ ಬೂಟುಗಳ ಕೆಳಗೆ... ಅವಳ ಮನೆಯ ಕರಿ ಕಂಬಳಿ! ತೀರಿಹೋದ ಅಜ್ಜ ಜುಂಜಯ್ಯನ ಕಂಬಳಿ!

"ಹಾಸಿದ್ದು ನಾನೇ. ಏನೀಗ?"

ಎದುರಿಗೆ ನಿಂತವನು ಓಬಳೇಶ್. ಊರಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟವನು, ಶಿವಕಾಂತ್ ಅಭಿಮಾನಿ ಸಂಘದ ಅಧ್ಯಕ್ಷ.

"ಕಂಬಳಿ ಮ್ಯಾಲೆ ದೇವ್ರನ್ನ ಕೂರಿಸ್ತಾರೆ ಕಣ್ರಿ! ಬೂಟುಗಾಲಲ್ಲಿ ಯಾರನ್ನಾದ್ರೂ ನಿಲ್ಲಿಸ್ತಾರಾ?"

"ನಮಗೆ ಅವ್ರೇ ದೇವ್ರು. ಅದಕ್ಕೇ ಗದ್ದಿಗೆ ಹಾಕೀನಿ."

"ನಿಮ್ಮ ದೇವ್ರು ನಿಮ್ಮನೇಲಿರ್ಲಿ!"

ಅಂಜಲಿ ಬಗ್ಗಿದವಳೇ ಕಂಬಳಿಯ ತುದಿ ಹಿಡಿದು ಎಳೆದಳು. ಕಟೌಟು ವಾಲಿತು... ವಾಲಿ, ದಡಾರನೆ ಮುಖ ಅಡಿಯಾಗಿ ಬಿತ್ತು!

ಅಭಿಮಾನಿಗಳು ರೊಚ್ಚಿಗೆದ್ದರು. ಓಬಳೇಶ್ ಕೈ ಅಡ್ಡ ಹಿಡಿದು ಅವರನ್ನು ತಡೆದ. ಅವಳನ್ನು ಮಾತ್ರ ಸುಡುವ ಕಣ್ಣಲ್ಲಿ ನೋಡಿದ.

"ಹೋಗ್ರಿ ಇಲ್ಲಿಂದ. ಹೆಣ್ಮಗಳು ಅಂತ ಬಿಟ್ಟೀನಿ."

"ಬಿಡೋದಕ್ಕೆ ನೀವ್ಯಾರ್ರಿ!"

ಟಾಕೀಸಿನ ಮಾಲೀಕ ಉಗ್ರಪ್ಪ ಗಾಬರಿಯಾಗಿ ಗೇಟು ಎಳೆದುಬಿಟ್ಟ. "ಗಲಾಟೆ ಬ್ಯಾಡ, ಪಿಕ್ಚರ್ರೂ ಬ್ಯಾಡ!" ಎಂದವನೇ ಬೀಗ ಜಡಿದ.

ಗೆದ್ದ ಗತ್ತಿನಲ್ಲಿ ಮನೆಗೆ ಬಂದ ಅಂಜಲಿ ಹೊಸ್ತಿಲಲ್ಲೇ ನಿಂತಳು. ಅಜ್ಜಿ ಬರಗೇರಮ್ಮ ಇಳಕಲ್ ಸೀರೆ ಉಟ್ಟು, ತಲೆ ಬಾಚಿಕೊಂಡು ಕುಳಿತಿದ್ದಳು.

"ಬಂದ್ಯಾ? ನಡಿ, ಹೋಗಾಣ. ಪಿಕ್ಚರ್ ಶುರುವಾಗ್ತೈತೆ."

"ನೀನೂ ಹೊಂಟಿದ್ಯಾ ಅಜ್ಜಿ?"

"ಮತ್ತೆ? ಪೂಜೆಗಿಟ್ಕ ಅಂತ ಆ ಮೈಕ್‌ಸೆಟ್ ಹುಡುಗುನ ಕೈಲಿ ನಾನೇ ಕಂಬಳಿ ಕೊಟ್ಟು ಕಳ್ಸಿದ್ನಲ್ಲ. ಆ ಪಿಕ್ಚರಾಗೆ ನಿಮ್ಮಜ್ಜ ಅವ್ರೆ ಕಣೇ. ಶೂಟಿಂಗಿಗೆ ಕುರಿ ಹೊಡ್ಕಂಡು ಹೋಗಿದ್ರು. ಪಿಕ್ಚರ್ ನಮ್ಮೂರಿಗೆ ಬಂದಾಗ ನಾವು ಕುರಿ ಜೊತೆ ವಲಸೆ ಹೋಗಿದ್ವಿ. ತಿರುಗಿ ಬರೋಷ್ಟ್ರಲ್ಲಿ ಎತ್ತಂಗಡಿ ಆಗಿತ್ತು. ಆಮ್ಯಾಲೆ ಟೀವಿಯಾಗೂ ಬರ್ಲಿಲ್ಲ."

ಅಜ್ಜನದು ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಅಜ್ಜಿ ಐವತ್ತು ವರ್ಷ ಕಾದ ಪಿಕ್ಚರನ್ನು ಅಂಜಲಿ ತಾನೇ ನಿಲ್ಲಿಸಿ ಬಂದಿದ್ದಳು!

ವಿಷಯ ಕೇಳಿ ಅಜ್ಜಿ ಬೈಯಲಿಲ್ಲ. ಸುಮ್ಮನೆ ಎದ್ದು ಸೀರೆ ಬಿಚ್ಚಿ ಮಡಿಸಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು...

ತಪ್ಪು ತನ್ನದೂ ಹೌದು ಎಂದು ಗೊತ್ತಾದ ಮೇಲೆ ಮನುಷ್ಯ ತಣ್ಣಗಾಗಬೇಕು. ನಮ್ಮ ಅಂಜಲಿ ಇನ್ನಷ್ಟು ಕೆಂಡವಾದಳು. ಮಾರನೆಯ ದಿನ ಸ್ಪೀಕರ್ ರಿಪೇರಿಗೆಂದು ಓಬಳೇಶ್ ಅವಳ ಬಸ್ಸನ್ನೇ ಹತ್ತಬೇಕೇ?

"ಸ್ಪೀಕರಿಗೂ ಲಗೇಜ್ ಟಿಕೆಟ್ ಐತೆ," ಎಂದಳು ಮುಖ ನೋಡದೆ.

"ಕೊಡ್ರಿ. ಕಟೌಟ್ ಮುರಿದಿದ್ದಕ್ಕೆ ನಿಮಗ್ಯಾವ ಟಿಕೆಟ್ಟು?"

"ಬೂಟು ಹತ್ತಿಸಿದ್ದಕ್ಕೆ ಕ್ಷಮೆ ಕೇಳ್ರಿ, ಆಮೇಲೆ ಹೇಳ್ತೀನಿ."

"ನಾನ್ಯಾಕೆ ಕೇಳ್ಲಿ? ಅಜ್ಜಿ ಪೂಜೆಗಿಟ್ಕ ಅಂದ್ರು. ಇಟ್ಟೆ."

ಹೀಗೆ ಶುರುವಾದದ್ದು ದಿನವೂ ನಡೆಯಿತು. ಅವನ ಸ್ಪೀಕರ್‌ಗಳು ಅದೆಷ್ಟು ಕೆಡುತ್ತಿದ್ದವೋ! ಇವಳ ಬಸ್ಸಿಗೇ ಬರುತ್ತಿದ್ದ, ಬೈಸಿಕೊಂಡೇ ಇಳಿಯುತ್ತಿದ್ದ. ಒಂದು ದಿನ ನೆಗಡಿಯಿಂದ ಅಂಜಲಿಯ ಗಂಟಲು ಕಟ್ಟಿತ್ತು. ಓಬಳೇಶ್ ಎದ್ದು ನಿಂತವನೇ, ದಾರಿಯುದ್ದಕ್ಕೂ ಅವಳ ಬದಲು ತಾನೇ ಸ್ಟಾಪ್ ಕೂಗಿದ.

"ಚಿತ್ರಹಳ್ಳಿ ಗೇಟ್! ಇಳಿಯೋರು ಮುಂದೆ ಬರ್ರಿ!"

'ಯಾರು ಕೇಳಿದ್ರು ಇವನ ಉಪಕಾರಾನ...' ಎಂದುಕೊಂಡಳು. ನಗು ಬಂತು. ಕೋಪದಿಂದ ಅದನ್ನು ನುಂಗಿದಳು. ಅವನು ಬಾರದ ದಿನ ಬಾಗಿಲ ಕಡೆಗೇ ಕಣ್ಣು ಹೋಗುವುದಂತೂ ಇನ್ನೂ ದೊಡ್ಡ ಸಿಟ್ಟಿಗೆ ಕಾರಣವಾಯಿತು!

ಕೊನೆಗೊಂದು ಸಂಜೆ ತಡೆಯಲಾಗಲಿಲ್ಲ.

"ನಿಮಗೆ ನಿಮ್ಮ ಹೀರೋನೇ ಕಾಣೋದು. ಅವ್ರ ಎಂಟ್ರಿ ಸೀನಿನಾಗೆ ಹಿಂದೆ ಕುರಿ ಹೊಡ್ಕಂಡು ಬರೋರು ನಮ್ಮಜ್ಜ. ನಮ್ಮಜ್ಜಿ ಈಗ ಅವ್ರ ಮುಖಾನೇ ಮರ್ತೋಗ್ತಾ ಐತೆ ಅಂತಾಳೆ, ಗೊತ್ತಾ ನಿಮಗೆ?"

ಓಬಳೇಶ್ ಆ ಚಿತ್ರವನ್ನು ಊರೂರು ಅಲೆದು ಲೆಕ್ಕವಿಲ್ಲದಷ್ಟು ಸಲ ನೋಡಿದ್ದ. ಎಂಟ್ರಿಗೆ ಎದ್ದು ಕುಣಿದಿದ್ದ, ಪೇಪರ್ ಚೂರು ತೂರಿದ್ದ. ಹಿಂದೆ ಯಾರಿದ್ದಾರೆಂದು ಒಂದು ಸಲವೂ ನೋಡಿರಲಿಲ್ಲ.

ಅಂದು ಮುಂದಿನ ಸ್ಟಾಪಿನಲ್ಲೇ ಇಳಿದು ಹೋದ. ಆಮೇಲೆ ಬಸ್ಸಿಗೆ ಬರಲೇ ಇಲ್ಲ. 'ಕ್ಷಮೆ ಕೇಳೋಕೆ ಆಗ್ದೆ ಓಡಿಹೋದ!' ಎಂದು ಅಂಜಲಿ ಹಲ್ಲು ಕಡಿದಳು. ರಾತ್ರಿ ಮಾತ್ರ ದಿಂಬು ಒದ್ದೆಯಾಯಿತು.

ಒಂದು ಭಾನುವಾರ ಬೆಳಗ್ಗೆ ಆಟೋದ ಮೈಕು ಕೂಗುತ್ತಾ ಬಂತು. ಐವತ್ತು ವರ್ಷದ ಹಿಂದೆ, ಬೆಂಗಳೂರಿನಲ್ಲಿ ಬಿಡುಗಡೆಯಾದ ಎಷ್ಟೋ ದಿನಕ್ಕೆ ರೀಲುಗಳು ಸಣ್ಣ ಊರುಗಳಿಗೆ ಬರುತ್ತಿದ್ದವು. "ನಮ್ಮ ಹೊಳಲ್ಕೆರೆಗೆ 'ಕಾವಲುಗಾರ' ಬಂದು ಇವತ್ತಿಗೆ ಐವತ್ತು ವರ್ಷ! ಇದೇ ನಮ್ಮ ನಿಜವಾದ ಹಬ್ಬ! ಬರ್ರಿ!"

ಓಬಳೇಶನ ದನಿ!

ಟಾಕೀಸು ತುಂಬಿತ್ತು. ಅಜ್ಜಿಯನ್ನು ಕರೆತಂದ ಅಂಜಲಿಯನ್ನು ಕಂಡು ಅಭಿಮಾನಿಗಳು ಗುರುಗುಟ್ಟಿದರು. ಓಬಳೇಶ್ ಮೈಕು ಹಿಡಿದು ಪರದೆಯ ಮುಂದೆ ನಿಂತ.

"ಇವತ್ತು ಎಂಟ್ರಿಗೆ ಯಾರೂ ಏಳಂಗಿಲ್ಲ. ಶಿಳ್ಳೆ ಇಲ್ಲ, ಪೇಪರ್ ಇಲ್ಲ. ಎಲ್ಲಾ ಕುಂತ್ಕಳ್ರಿ."

"ಲೇ ಓಬ್ಳೇಶ, ತಲೆ ಕೆಟ್ಟೈತಾ?" ಎಂದು ಗೆಳೆಯ ಮುದ್ದಪ್ಪ ಎದ್ದು ನಿಂತ. "ನಮ್ಮ ಶಿವಕಾಂತ್ ದೊರೆ ಎಂಟ್ರಿಗೆ ಬಾಯಿ ಮುಚ್ಕಂಡು ಕುಂತ್ರೆ ಹಿರಿಯೂರು ಸಂಘದೋರು ಉಗೀತಾರೆ! ನೀನು ಅಭಿಮಾನಿನೇ ಅಲ್ಲ!"

"ಅಲ್ದಿದ್ರೆ ಬ್ಯಾಡ. ಸಂಘಕ್ಕೆ ಬೇರೆಯವ್ರನ್ನ ನೋಡ್ಕಳ್ರಿ. ಆದ್ರೆ ಈ ಸೀನಿಗೆ ಎದ್ದೋರು ನನ್ನ ದಾಟ್ಕಂಡು ಏಳ್ಬೇಕು."

ದೀಪ ಆರಿತು. ಕುದುರೆಯ ಮೇಲೆ ನಾಯಕ ಬಂದ. ಟಾಕೀಸು ಉಸಿರು ಬಿಗಿಹಿಡಿದಿತ್ತು. ಅವನ ಹಿಂದೆ ಧೂಳು, ಧೂಳಿನಲ್ಲಿ ಕುರಿಗಳು, ಕುರಿಗಳ ನಡುವೆ ಕೋಲು ಹಿಡಿದ ಯುವಕನೊಬ್ಬ. ಕ್ಯಾಮರಾ ಕಂಡು ನಾಚಿಕೊಂಡು ನಕ್ಕ. ಅಷ್ಟೇ. ಕಣ್ಣು ಮಿಟುಕಿಸಿದರೆ ಕಳೆದುಹೋಗುವಷ್ಟು.

ಆ ಮೌನದಲ್ಲಿ ಬರಗೇರಮ್ಮನ ದನಿ ಕೊನೆಯ ಸಾಲಿನವರೆಗೂ ಕೇಳಿಸಿತು.

"ಅಯ್ಯೋ ಶಿವನೇ... ಎಷ್ಟು ಸಣ್ಣ ಹುಡುಗ ಕಣೇ ನಮ್ಮನೆಯವ್ರು!"

ಯಾರೂ ನಗಲಿಲ್ಲ. ಮುದ್ದಪ್ಪ ಮೆಲ್ಲಗೆ ಕುಳಿತ. ಅಜ್ಜಿ ಅಂಜಲಿಯ ಕೈ ಹಿಡಿದು ಬಿಡದೆ ಅತ್ತಳು.

ಆಟ ಮುಗಿಯಿತು. ಆದರೂ ಸಿಟ್ಟು ಇಳಿಯದ ಸಂಘದವರು ಬಾಗಿಲಲ್ಲೇ ಹೊಸ ಅಧ್ಯಕ್ಷನನ್ನು ಆರಿಸಿಕೊಂಡು ಹೊರಟರು. ಒಬ್ಬಂಟಿಯಾಗಿ ವೈರು ಸುತ್ತುತ್ತಿದ್ದ ಓಬಳೇಶನ ಮುಂದೆ ಅಂಜಲಿ ಬಂದು ನಿಂತಳು.

"ಕೇಳ್ದೆ ಮಾಡ್ದೆ ಕಟೌಟ್ ಬೀಳ್ಸಿದೆ. ತಪ್ಪಾಯ್ತು."

"ನಂದೂ ತಪ್ಪು. ಬೂಟಿನ ಕೆಳಗೆ ಹಾಸ್ಬಾರ್ದಿತ್ತು ಅಂತ ಅವತ್ತೇ ಹೇಳ್ಬೇಕಿತ್ತು."

"ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ಜಗಳ ಮುಗ್ದೋಗೋದು. ನಾಳೆಯಿಂದ ಯಾವ ನೆಪ ಇಟ್ಕಂಡು ಬಸ್ ಹತ್ಲಿ?"

ಅಂಜಲಿಯ ಕೆನ್ನೆ ಬಿಸಿಯಾಯಿತು. 'ಹಾಗಾದ್ರೆ ನನಗಷ್ಟೇ ಅಲ್ಲ...'

"ಮತ್ತೆ ಇಷ್ಟು ದಿನ ಎಲ್ಲಿ ಸತ್ತಿದ್ರಿ?"

"ಉಗ್ರಪ್ಪನ ಮನೆ ಬಾಗಿಲು ಕಾಯ್ತಿದ್ದೆ. ಪಿಕ್ಚರ್ ಹಾಕೋಕೆ ಒಪ್ಪೋತನಕ ನಿಮಗೆ ಮುಖ ತೋರಿಸ್ಬಾರ್ದು ಅಂತ." ಅವನ ದನಿ ತಗ್ಗಿತು. "ನೀವು ಬೈಯದಿದ್ರೆ ನನಗೆ ದಿನಾನೇ ಕಳೆಯಲ್ಲ ಕಣ್ರಿ. ಜೀವನ ಪೂರ್ತಿ ಬೈತೀರಾ?"

ಅವಳ ಕಣ್ಣು ತುಂಬಿತು.

"ಅದನ್ನ ಮನೆಗೆ ಬಂದು ಅಪ್ಪಯ್ಯನ್ನ ಕೇಳ್ರಿ. ಅವ್ರ ಸಿಟ್ಟು ನನಗಿಂತ ಜೋರು."

"ಬೈದ್ರೆ ಬೈಲಿ. ನೀವು ನನ್ನ ಪಕ್ಕ ನಿಂತಿರ್ತೀರಲ್ಲ?"

"ನಿಂತಿರ್ತೀನಿ," ಎಂದಳು ಅಂಜಲಿ, ಸುತ್ತಿದ ವೈರನ್ನು ಅವನ ಕೈಯಿಂದ ತೆಗೆದುಕೊಳ್ಳುತ್ತಾ. "ನಡೀರಿ, ಹೋಗಾಣ."