ತಂಪಿನ ಪೆಟ್ಟಿಗೆ

ಏಪ್ರಿಲ್ ಹದಿನೇಳು, ಗುರುವಾರ. ಬೆಳಿಗ್ಗೆ ಬನಹಟ್ಟಿ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ಸೀದಾ ಒಳಗೆ ಬಂದು ಪಿಎಸ್‌ಐ ಅಂಜನಾಳ ಮೇಜಿನ ಎದುರು ನಿಂತಳು. ಅವಳ ಹಿಂದೆ ಬಂದ ಮುದುಕ ಮಾತ್ರ ಹೊಸ್ತಿಲಾಚೆಯೇ ಉಳಿದ, ಚಪ್ಪಲಿ ಬಿಡಬೇಕೋ ಬೇಡವೋ ಎಂದು ತಿಳಿಯದವನ ಹಾಗೆ.

"ನಾ ಪ್ರತಿಮಾ ಅಂತ್ರಿ. ಮಂಗಳವಾರ ಪ್ರೆಸ್ಸಿನ್ಯಾಗ ಕರೆಂಟ್ ಹೊಡದು ತೀರಿಕೊಂಡ್ರಲ್ಲ, ಬಾಳೇಶ, ಅವರ ಹೆಂಡತಿ. ನೀವು ಆಕಸ್ಮಿಕ ಅಂತ ಬರಕೊಂಡೀರಂತ. ಅದು ಆಕಸ್ಮಿಕ ಅಲ್ಲರಿ."

ಅಂಜನಾಗೆ ನೆನಪಿತ್ತು. ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯಿಂದ ಸುದ್ದಿ ಬಂದಾಗ ಅಸಹಜ ಸಾವಿನ ಪ್ರಕರಣವೆಂದು ದಾಖಲಿಸಿ, ಶವ ಪಂಚನಾಮೆ ಮುಗಿಸಿದವಳು ಅವಳೇ. ಬುಧವಾರ ಮಣ್ಣು ಮಾಡಿದ್ದರು. ಗಂಡನನ್ನು ಮಣ್ಣು ಮಾಡಿದ ಮರುದಿನವೇ ಠಾಣೆಗೆ ಬಂದ ಹೆಂಗಸನ್ನು ಅವಳು ಇದೇ ಮೊದಲು ನೋಡುತ್ತಿದ್ದಳು.

"ಕೂಡ್ರಿ. ಯಾರ ಮ್ಯಾಲ ಸಂಶೆ ಐತಿ?"

"ಮಾಲಕರ ಮ್ಯಾಲ. ಶಿದ್ರಾಮಪ್ಪನವರು. ಮಶೀನ್ ಬಾಜೂಕಿನ ತಂಪಿನ ಪೆಟ್ಟಿಗ್ಯಾಗ ಕರೆಂಟ್ ಬರ್ತೈತಿ ಅಂತ ನಮ್ಮನಿಯವರು ಎಷ್ಟ ಸಲ ಹೇಳಿದ್ರು. ಅವರು ಕಿವ್ಯಾಗ ಹಾಕ್ಕೊಳ್ಳಲಿಲ್ಲ. ಮ್ಯಾಲ ಇವರನ್ನ ಬೈದ್ರು. ಮಶೀನ್ ನಡಸಾಕ ಬರೂದಿಲ್ಲ ನಿನಗ, ಇಚಲಕರಂಜಿಯಿಂದ ಬ್ಯಾರೆ ಆಳು ತರ್ತೀನಿ ಅಂದಿದ್ರು."

"ಹೊರಗ ನಿಂತವರು ಯಾರು?"

"ನಮ್ಮಪ್ಪರಿ, ಗಿರಮಲ್ಲಪ್ಪ. ಅದs ಪ್ರೆಸ್ಸಿನ್ಯಾಗ ಹಳೇ ಕೆಲಸಗಾರ. ನಮ್ಮನಿಯವರಿಗೆ ಕೆಲಸ ಕಲಿಸಿದವನು ಅವನs."

ಅಂಜನಾ ಅವನನ್ನು ಒಳಗೆ ಕರೆದಳು. ಮಗಳ ಮಾತು ಖರೆಯೇ ಎಂದು ಕೇಳಿದಳು. ಮುದುಕ ನೆಲ ನೋಡುತ್ತಾ, "ಅಕಿ ಹೇಳಿದ್ದು ಸುಳ್ಳಲ್ಲರಿ," ಎಂದ. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ದುಃಖದಲ್ಲಿದ್ದಾನೆ ಎಂದು ಅಂಜನಾ ಸುಮ್ಮನಾದಳು. ದೂರು ಓದಿ ಹೇಳಿ, ಸಹಿ ಪಡೆದು, ನಿರ್ಲಕ್ಷ್ಯದಿಂದಾದ ಸಾವು ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 106ರ ಅಡಿ ಎಫ್‌ಐಆರ್ ದಾಖಲಿಸಿದಳು. ಆರೋಪಿಯ ಹೆಸರಿನ ಜಾಗದಲ್ಲಿ ಶಿದ್ರಾಮಪ್ಪನ ಹೆಸರು ಬಿತ್ತು.

ಪ್ರೆಸ್ಸು ರಬಕವಿ ರಸ್ತೆಯಲ್ಲಿತ್ತು. ಎರಡೂ ಬದಿಗೆ ಪವರ್‌ಲೂಮ್ ಶೆಡ್ಡುಗಳು, ಮಗ್ಗಗಳ ಸದ್ದಿನ ನಡುವೆ ಇದೊಂದು ಕಟ್ಟಡ ಮಾತ್ರ ಮೌನವಾಗಿತ್ತು. ಊರಿನ ಸೀರೆ ವ್ಯಾಪಾರಿಗಳ ಡಬ್ಬಿಗಳಿಗೆ ಬಣ್ಣದ ಹೊದಿಕೆ, ಮುಧೋಳದ ಬೆಲ್ಲದವರಿಗೆ ಲೇಬಲ್ಲು, ಸುತ್ತಲಿನ ಮದುವೆ ಪತ್ರಿಕೆ ಎಲ್ಲ ಅಚ್ಚಾಗುವುದು ಇಲ್ಲೇ. ಹೆಡ್ ಕಾನ್‌ಸ್ಟೇಬಲ್ ಧರೆಪ್ಪ ಪಕ್ಕದ ಶೆಡ್ಡಿನಿಂದ ಇಬ್ಬರು ಪಂಚರನ್ನು ಕರೆತಂದ.

ಆಫ್‌ಸೆಟ್ ಯಂತ್ರದ ಬಾಯಿಯ ಹತ್ತಿರ ಕಾಗದದ ಅಟ್ಟಿ ಇನ್ನೂ ಹಾಗೇ ಇತ್ತು. ಅದರ ಪಕ್ಕದಲ್ಲಿ ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ತಗಡಿನ ಪೆಟ್ಟಿಗೆ, ಅದಕ್ಕೊಂದು ಮೂತಿ.

"ಇದೇನು?"

ಶಿದ್ರಾಮಪ್ಪ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ಕಾಗದಕ್ಕ ನೀರಿನ ಪಸೆ ಕೊಡೂದರಿ. ಹುಡುಗ್ರು ತಂಪಿನ ಪೆಟ್ಟಿಗಿ ಅಂತಾರ. ಬ್ಯಾಸಿಗ್ಯಾಗ ಕಾಗದ ಒಣಗಿ ಹಾಳಿಗೆ ಹಾಳಿ ಅಂಟಕೋತಾವು. ಮಶೀನು ಒಂದ ಎಳಿಯೂ ಕಡೆ ಎರಡು ಎಳೀತೈತಿ, ನಡುವ ಸಿಕ್ಕೊಂಡು ನಿಂದರ್ತೈತಿ. ಇದು ಮಂಜಿನಂಗ ನೀರ ಊದಿದ್ರ ಕಾಗದ ಹದಕ್ಕ ಬರ್ತೈತಿ. ಮೊದಲ ಸುತ್ತಲೂ ಒದ್ದಿ ಗೋಣಿಚೀಲ ಕಟ್ಟತಿದ್ವಿ. ಹೋದ ವರ್ಷ ಇದನ್ನ ಹಳೇದು ತಂದೆ."

"ಇದರಾಗ ಕರೆಂಟ್ ಬರ್ತೈತಿ ಅಂತ ಬಾಳೇಶ ಹೇಳಿದ್ದನೋ ಇಲ್ಲೋ?"

"ಹೇಳಿದ್ದ. ಅದಕ್ಕs ಟ್ರಿಪ್ ಸ್ವಿಚ್ ಕೂಡ್ರಿಸಿದೆ. ಕರೆಂಟ್ ಸ್ವಲ್ಪ ಸೋರಿದ್ರೂ ಅದು ಬಿದ್ದು ಲೈನ್ ಬಂದ್ ಆಗ್ತೈತಿ. ಮನಶಾ ಸಾಯಾಕ ಸಾಧ್ಯ ಇಲ್ಲರಿ. ಅದs ನನಗ ತಿಳಿವಲ್ದು."

ಧರೆಪ್ಪ ಮೇನ್ ಹಾಕಿ, ಗೋಡೆಯ ಮೇಲಿನ ಟ್ರಿಪ್ ಸ್ವಿಚ್ಚಿನ ಪರೀಕ್ಷೆಯ ಗುಂಡಿ ಒತ್ತಿದ. ಟಕ್ಕೆಂದು ಬಿತ್ತು. ಎತ್ತಿ ಮತ್ತೆ ಒತ್ತಿದ. ಮತ್ತೆ ಬಿತ್ತು.

ಸ್ವಿಚ್ಚು ಸರಿಯಿದ್ದರೆ ಬಾಳೇಶ ಸತ್ತದ್ದು ಹೇಗೆ? ಮರಣೋತ್ತರ ವರದಿ ಸ್ಪಷ್ಟವಾಗಿತ್ತು: ಬಲ ಅಂಗೈಯಲ್ಲಿ ಸುಟ್ಟ ಗುರುತು, ಎಡಗೈ ಬೆರಳುಗಳಲ್ಲೂ ಅದೇ. ಒಂದು ಕೈ ಪೆಟ್ಟಿಗೆಯ ಮೇಲೆ, ಇನ್ನೊಂದು ಯಂತ್ರದ ಕಬ್ಬಿಣದ ಮೇಲೆ. ಅಂಜನಾ ಪಂಚನಾಮೆ ಬರೆಸಿ, ಕೋಣೆಗೆ ಬೀಗ ಹಾಕಿ ಸೀಲು ಮಾಡಿಸಿದಳು.

ಶನಿವಾರ ಬಾಗಲಕೋಟೆಯಿಂದ ವಿದ್ಯುತ್ ಪರಿವೀಕ್ಷಕ ಚಿದಾನಂದ ಬಂದ. ಪೆಟ್ಟಿಗೆಯನ್ನು ಬಿಚ್ಚಿ ನೆಲದ ಮೇಲೆ ಹರವಿದ. ಒಳಗಿನ ಅರ್ಥಿಂಗ್ ವೈರು ನೀರಿಗೆ ತುಕ್ಕು ಹಿಡಿದು ಎಂದೋ ಕಡಿದುಹೋಗಿತ್ತು. ಮೋಟರಿನೊಳಗೆ ನೀರು ಇಳಿದು ತಗಡಿಗೆಲ್ಲ ಕರೆಂಟು ಹರಿಯುತ್ತಿತ್ತು.

"ಇಷ್ಟು ಸೋರಿದ್ರ ಈ ಸ್ವಿಚ್ ದಿನಾ ಬೀಳಬೇಕು. ಬೀಳತಿತ್ತೇನ್ರಿ?" ಎಂದು ಶಿದ್ರಾಮಪ್ಪನನ್ನು ಕೇಳಿದ.

"ಬೀಳತಿತ್ತರಿ. ತಾಸಿಗೊಮ್ಮೆ ಬಿದ್ದು ತಲಿ ಕೆಡಿಸಿತ್ತು. ಯುಗಾದಿ ಆದಮ್ಯಾಲ ಬಾಳೇಶ ಪೆಟ್ಟಿಗಿ ಬಿಚ್ಚಿ ತೊಳದು ಜೋಡಿಸಿದ. ಅವತ್ತಿಂದ ಒಂದ ಸಲನೂ ಬೀಳಲಿಲ್ಲ."

"ತೊಳದ್ರ ಹೋಗೂ ರೋಗ ಅಲ್ಲರಿ ಇದು."

ಚಿದಾನಂದ ಸ್ವಿಚ್ಚಿನ ಮೇಲೆ ಟಾರ್ಚು ಹಿಡಿದು ಅಂಜನಾಳನ್ನು ಹತ್ತಿರ ಕರೆದ. ಎಲ್ಲ ಸ್ಕ್ರೂಗಳ ಮೇಲೂ ಕಾಗದದ ಬಿಳಿ ಧೂಳು ಕೂತಿತ್ತು. ಎರಡರ ತಲೆ ಮಾತ್ರ ಹೊಳೆಯುತ್ತಿತ್ತು. ಒಂದನ್ನು ಸಡಿಲಿಸಿದಾಗ ಅದರಡಿಯಿಂದ ತಾಮ್ರದ ಎಳೆಯೊಂದು, ಕೂದಲಿನಷ್ಟು ಸಣ್ಣದು, ಹೊರಬಂತು.

"ಯಾರೋ ಸ್ವಿಚ್ ತಪ್ಪಿಸಿ ಆ ಕಡೆಯಿಂದ ಈ ಕಡೆ ವೈರ್ ಹಾಕ್ಯಾರ ಮೇಡಂ. ಹಂಗ ಹಾಕಿದ್ರ ಇದು ಇದ್ದೂ ಇಲ್ಲದಂಗ. ಆಮ್ಯಾಲ ಆ ವೈರ್ ತಗದಾರ."

ಶಿದ್ರಾಮಪ್ಪ ಗೋಡೆಗೆ ಒರಗಿ ಕೂತುಬಿಟ್ಟ. "ದೇವರ ಆಣಿ ಮಾಡಿ ಹೇಳ್ತೀನ್ರಿ, ನನಗ ಗೊತ್ತಿಲ್ಲ. ಬಾಳೇಶ ಸತ್ತ ದಿನ ನಾ ಬೀಳಗಿಗೆ ಹೋಗಿದ್ದೆ." ಅದು ನಿಜವೆಂದು ಧರೆಪ್ಪ ಆಗಲೇ ಬೀಳಗಿಯಲ್ಲಿ ವಿಚಾರಿಸಿ ತಿಳಿದಿದ್ದ.

ಜೀಪಿನಲ್ಲಿ ಧರೆಪ್ಪ ಕೇಳಿದ, "ಬಾಳೇಶನs ವೈರ್ ಹಾಕಿರಬೇಕೇನ್ರಿ? ಮಾಲಕ ಬೈತಾನಂತ?"

"ಹಾಕಿರಬಹುದು. ಆದ್ರ ಸತ್ತವ ಎದ್ದು ಬಂದು ತಗೀತಾನೇನು?"

ಭಾನುವಾರ ಇಬ್ಬರೂ ಭಾಗವ್ವನ ಮನೆಗೆ ಹೋದರು. ಪ್ರೆಸ್ಸಿನಲ್ಲಿ ಅಚ್ಚಾದ ಹಾಳೆ ಆರಿಸಿ ಕಟ್ಟುವ ಕೆಲಸ ಅವಳದು. ಆ ದಿನ ಅಲ್ಲಿದ್ದವಳು. ಜೋಳ ಹಸನು ಮಾಡುತ್ತ ಕೂತಿದ್ದವಳು ಮೊರ ಬದಿಗಿಟ್ಟಳು.

"ಬಾಳೇಶ ಎಂಥಾ ಮನಶಾ ಇದ್ದ?"

"ಮೆತ್ತಗಿನ ಹುಡುಗರಿ. ಮೊದಲ ಮಗ್ಗ ನೇಯತಿದ್ದ. ಮಾವನ ಬೆನ್ನ ಹತ್ತಿ ಇಲ್ಲಿಗಿ ಬಂದ. ಮಾವನ ಪುಣ್ಯದಾಗ ಉಣ್ಣಾಂವ ಅಂತ ಎಲ್ಲಾರೂ ಆಡಕೊಳ್ಳಾವರು. ಕೇಳಿ ಸುಮ್ಮನ ನಗತಿದ್ದ. ಆ ಪೆಟ್ಟಿಗಿ ಸರಿ ಆದ ದಿನ ಮಾತ್ರ..." ಭಾಗವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಪೇಡೆ ತಂದು ಹಂಚಿದರಿ. ನನ್ನ ಕೈಯಿಂದ ಮಶೀನ್ ರಿಪೇರಿ ಆತು ಭಾಗವ್ವಾ ಅಂದ. ಮಾಲಕರೂ ಬೆನ್ನ ಚಪ್ಪರಿಸಿದ್ರು."

"ಅಂವ ಬಿದ್ದಾಗ ಏನಾತು?"

"ಚೀರಿದ್ದು ಕೇಳಿ ಓಡಿದ್ವಿ. ಗಿರಮಲ್ಲಪ್ಪಣ್ಣ ಮೇನ್ ಬಂದ್ ಮಾಡಿದ. ಎಲ್ಲಾರೂ ಕೂಡಿ ಎತ್ತಿ ಟಂಟಂ ಆಟೋದಾಗ ಹಾಕಿದ್ವಿ."

"ಯಾರ‍್ಯಾರು ಹತ್ತಿದ್ರಿ?"

"ಎಲ್ಲಾರೂ ಹತ್ತಿದ್ವಿ. ಗಿರಮಲ್ಲಪ್ಪಣ್ಣ ಹಿಂದ ಉಳದ. ನೀವು ನಡೀರಿ, ನಾ ಕೀಲಿ ಹಾಕಿ ಬರ್ತೀನಿ ಅಂದ."

ಧರೆಪ್ಪ ಬರೆಯುವುದನ್ನು ನಿಲ್ಲಿಸಿದ. ಅಳಿಯ ಟಂಟಂನಲ್ಲಿ ಜೀವ ಬಿಡುತ್ತಿದ್ದಾಗ ಮಾವ ಬಾಗಿಲಿಗೆ ಕೀಲಿ ಹಾಕಲು ಉಳಿದಿದ್ದ.

ಅಂಜನಾಳ ಊರು ರನ್ನ ಬೆಳಗಲಿ. ಅವಳ ಅಪ್ಪನೂ ಹೀಗೇ, ಮಗಳ ಹಿಂದೆ ಬಂದು ಕಚೇರಿಗಳ ಬಾಗಿಲಲ್ಲಿ ನಿಲ್ಲುವಂಥವನು. ಗುರುವಾರ ಹೊಸ್ತಿಲ ಆಚೆ ನಿಂತಿದ್ದ ಮುದುಕನ ಮುಖ ಅವಳ ಕಣ್ಣಿಂದ ಹೋಗಲೊಲ್ಲದಾಯಿತು. ಅದನ್ನು ತಾನು ದುಃಖವೆಂದುಕೊಂಡಿದ್ದಳು. ದುಃಖವೇ ಅದು. ಆದರೆ ಬರೀ ದುಃಖವಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಗಿರಮಲ್ಲಪ್ಪನನ್ನು ಪ್ರೆಸ್ಸಿಗೇ ಕರೆಸಿದಳು. ಸೀಲು ಒಡೆದು ಒಳಗೆ ಹೋದ ಮೇಲೆ ಅವನು ಯಂತ್ರದ ಕಡೆ ತಿರುಗಲಿಲ್ಲ. ಹಿಂದಿನ ಮೂಲೆಯಲ್ಲಿದ್ದ ಕಾಲಲ್ಲಿ ತುಳಿದು ಅಚ್ಚು ಹಾಕುವ ಹಳೆಯ ಟ್ರೆಡಲ್ ಯಂತ್ರದ ಹತ್ತಿರ ಹೋಗಿ ನಿಂತ. ಅಂಜನಾ ಕುರ್ಚಿ ಎಳೆದು ಕೊಟ್ಟಳು.

"ಕೂಡ್ರಿ ಕಾಕಾ. ಅವತ್ತು ಟಂಟಂ ಹತ್ತಲಿಲ್ಲ ಯಾಕ?"

ಅವನು ಕುರ್ಚಿಯ ಅಂಚಿಗೆ ಕೂತ ಮೇಲೆ ಅಂಜನಾ ಮತ್ತೆ ಕೇಳಿದಳು.

"ವೈರ್ ಎಲ್ಲೈತಿ?"

ಅವನು ತನ್ನ ಕೈಗಳನ್ನು ನೋಡಿಕೊಂಡ. ಬಣ್ಣ ಹೊಕ್ಕು ಕಪ್ಪಾದ ಉಗುರುಗಳು. ಆಮೇಲೆ ಎದ್ದು, ಅಚ್ಚುಮೊಳೆಗಳ ಹಳೆಯ ಕಟ್ಟಿಗೆ ಪೆಟ್ಟಿಗೆಯ ಕೆಳಗಿನ ಖಾನೆ ಎಳೆದ. ಸೀಸದ ಅಕ್ಷರಗಳ ನಡುವೆ ಗೇಣುದ್ದದ ಕೆಂಪು ವೈರು ಸುತ್ತಿಟ್ಟಿತ್ತು.

"ಇಲ್ಲೈತ್ರಿ."

ಧರೆಪ್ಪ ಪಂಚರನ್ನು ಕರೆಯಲು ಹೊರಗೆ ಹೋದ. ಮುದುಕ ತಾನಾಗಿ ಹೇಳತೊಡಗಿದ.

"ಮಾಲಕರು ಎಲ್ಲಾರ ಮುಂದ ಅಳಿಯನ್ನ ಬೈದ್ರು ಮೇಡಮ್ಮಾರ. ಮದುವಿ ಸೀಜನ್ನು, ಸೀರಿ ಡಬ್ಬಿ ಕೆಲಸ ಮ್ಯಾಲಿಂದ ಮ್ಯಾಲ. ಆ ಸ್ವಿಚ್ ಬೀಳೂದು, ಮಶೀನ್ ನಿಂದ್ರೂದು. ಇದು ಅವನ ತಪ್ಪಲ್ಲ ಅಂತ ನನಗೊಬ್ಬವಗ ಗೊತ್ತಿತ್ತು. ಅಂವ ಪೆಟ್ಟಿಗಿ ಬಿಚ್ಚಿ ದಿನಾಪೂರ್ತಿ ತೊಳದ. ಮರುದಿನ ಮತ್ತ ಬಿದ್ದಿದ್ರ ಅವನ ಮಾರಿ ನನಗ ನೋಡಾಕ ಆಗತಿರಲಿಲ್ಲ. ಅಂವ ಬರೂದರಾಗ ಬಂದು ವೈರ್ ಹಾಕಿದೆ. ಈ ಕೆಲಸೊಂದು ಮುಗೀಲಿ, ಆಮ್ಯಾಲ ತಗದರಾತು ಅಂದಕೊಂಡಿದ್ದೆ. ದಿನಾ ಇವತ್ತ ತಗೀತೀನಿ, ನಾಳೆ ತಗೀತೀನಿ..."

"ಅಂವ ಬಿದ್ದಮ್ಯಾಲ ತಗದದ್ದು ಪೊಲೀಸರು ನೋಡ್ತಾರಂತ?"

"ಇಲ್ಲರಿ. ಪ್ರತಿಮಾ ನೋಡ್ತಾಳಂತ."

"ಮತ್ತ ಅಕಿ ಕೂಡ ಠಾಣೆಗೆ ಬಂದಿದ್ರಲ್ಲ?"

"ಒಬ್ಬಾಕಿನ್ನ ಹೆಂಗ ಕಳಸಲ್ರಿ?"

ಅಂಜನಾ ಕಿಟಕಿಯ ಕಡೆ ತಿರುಗಿದಳು. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಹೊಡೆದುಕೊಳ್ಳುತ್ತಲೇ ಇದ್ದವು.

ವೈರು ಜಪ್ತು ಮಾಡಿ, ಪಂಚರ ಸಹಿ ಹಾಕಿಸಿ, ಅವನನ್ನು ಠಾಣೆಗೆ ಕರೆತಂದರು. ಎಫ್‌ಐಆರ್‌ನಲ್ಲಿ ಸಾಕ್ಷ್ಯ ನಾಶದ ಕಲಮನ್ನು ಸೇರಿಸಲಾಯಿತು. ಗಿರಮಲ್ಲಪ್ಪ ಒಂದನೇ ಆರೋಪಿಯಾದ. ತುಕ್ಕು ಹಿಡಿದ ಪೆಟ್ಟಿಗೆಯನ್ನು ದುರಸ್ತಿ ಮಾಡಿಸದೆ ಕೆಲಸಕ್ಕೆ ಹಚ್ಚಿದ ಶಿದ್ರಾಮಪ್ಪನ ಹೆಸರು ಎರಡನೆಯದಾಗಿ ಉಳಿಯಿತು. ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕು, ಅದು ಕಾನೂನು. ಮನೆಯವರೆಂದರೆ ಪ್ರತಿಮಾ ಒಬ್ಬಳೇ.

ಅವಳನ್ನು ಕರೆಸಿ ಅಂಜನಾ ತಾನೇ ಹೇಳಿದಳು. ಬೇರೆಯವರ ಬಾಯಿಂದ ಕೇಳುವುದು ಬೇಡವೆನಿಸಿತ್ತು. ಪ್ರತಿಮಾ ಅಳಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು, "ಅಪ್ಪನ್ನ ಒಂದ ಮಾತ ಕೇಳಬೇಕ್ರಿ," ಎಂದಳು.

ಗಿರಮಲ್ಲಪ್ಪ ಬೆಂಚಿನ ಮೇಲೆ ಕೂತಿದ್ದ. ಮಗಳನ್ನು ಕಂಡು ಏಳಲು ಹೋದ, ಆಗಲಿಲ್ಲ.

"ಅಪ್ಪಾ, ಅವರಿಗೆ ಗೊತ್ತಿತ್ತೇನು? ನೀ ವೈರ್ ಹಾಕಿದ್ದು?"

"ಇಲ್ಲವ್ವಾ."

"ಯಾಕ ಹೇಳಲಿಲ್ಲ? ಹೇಳಿದ್ರ ಮುಟ್ಟತಿರಲಿಲ್ಲ ಅವರು."

"ಹೆಂಗ ಹೇಳಲಿ? ನಾನs ಸರಿ ಮಾಡೇನಿ ಅಂತ ತಿಳಕೊಂಡಿದ್ದ. ಪೇಡೆ ತಂದು ಮೊದಲ ನನ್ನ ಬಾಯಾಗ ಹಾಕಿದ. ಮಾವಾ, ಇನ್ನ ನಿಮ್ಮ ಹೆಸರ ಉಳಸ್ತೀನಿ ಅಂದ." ಅವನು ಮಗಳ ಕಡೆ ಮುಖ ಎತ್ತಿದ. "ಅಂವ ಹಂಗ ನಕ್ಕಿದ್ದು ನಾ ನೋಡೇ ಇರಲಿಲ್ಲ, ಪ್ರತಿಮಾ. ಹೇಳಾಕ ಬಾಯಿ ಬರಲಿಲ್ಲ."

ಪ್ರತಿಮಾ ಹೊರಗೆ ನಡೆದಳು.

ಜಾಮೀನು ಸಿಗುವ ಕಲಂಗಳೇ. ಯಾರಾದರೊಬ್ಬರು ಸಹಿ ಹಾಕಿದರೆ ಠಾಣೆಯಿಂದಲೇ ಬಿಡುತ್ತೇವೆ, ಸಂಜೆಗೆ ಮನೆಗೆ ಹೋಗಬಹುದು ಎಂದು ಧರೆಪ್ಪ ತಿಳಿಸಿ ಹೇಳಿದ. ಮುದುಕ ಅಡ್ಡಡ್ಡ ತಲೆಯಾಡಿಸಿದ.

"ಬ್ಯಾಡ್ರಿ. ಆ ಮನಿಗೆ ಯಾ ಮಾರಿ ತಗೊಂಡು ಹೋಗಲಿ?"

ಹಾಗಾಗಿ ನ್ಯಾಯಾಲಯಕ್ಕೆ ಹಾಜರುಪಡಿಸುವುದೆಂದು ಆಯಿತು. ಅಂಜನಾ ಕೇಸ್ ಡೈರಿ ಬರೆಯಲು ಕೂತಳು. ಮೃತನ ಮೇಲೆ ಆರೋಪಿಗೆ ಯಾವ ದ್ವೇಷವೂ ಇರಲಿಲ್ಲ ಎಂದು ಬರೆದಳು. ಅದರ ಕೆಳಗೆ ಇಷ್ಟು ಸೇರಿಸಿದಳು: 'ಅಳಿಯನ ಮಾನ ಉಳಿಯಲೆಂದು ಮಾಡಿದ ಕೃತ್ಯ.'

ಮರುದಿನ ಜೀಪು ಹೊರಡುವಾಗ ಪ್ರತಿಮಾ ಠಾಣೆಯ ಗೇಟಿನಲ್ಲಿ ನಿಂತಿದ್ದಳು. ಅವಳು ಅಪ್ಪನ ಕಡೆ ನೋಡಲಿಲ್ಲ. ಸೀದಾ ಧರೆಪ್ಪನ ಹತ್ತಿರ ಬಂದು ಒಂದು ಸಣ್ಣ ಪೊಟ್ಟಣ ಅವನ ಕೈಯಲ್ಲಿಟ್ಟಳು.

"ಬಿಪಿ ಗುಳಿಗಿ ಅದಾವ್ರಿ. ನಿನ್ನೆ ತಗೊಂಡಿಲ್ಲ ಅಂವ. ಊಟ ಆದಮ್ಯಾಲ ಒಂದ ಕೊಡ್ರಿ. ಕೇಳಿದ್ರ, ನಾ ಕೊಟ್ಟೆ ಅಂತ ಹೇಳಬ್ಯಾಡ್ರಿ."

ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಗಿರಮಲ್ಲಪ್ಪ ಆ ಮಾತನ್ನೆಲ್ಲ ಕೇಳಿಸಿಕೊಂಡ. ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ.