ಅಯಸ್ಕಾಂತಕ್ಕೆ ಅಂಟದ ಎರಕ

೧೯೮೩ರ ಜೂನ್ ತಿಂಗಳ ಒಂದು ಬೆಳಿಗ್ಗೆ ಮದ್ರಾಸಿನ ಗಿಂಡಿ ಠಾಣೆಗೆ ಕಾರ್ಖಾನೆ ಮಾಲೀಕ ಕಮಲಾಕರ ದೂರು ತಂದರು. ವಿದ್ಯುತ್ ಸೋರಿದರೆ ತಾನಾಗಿ ಲೈನ್ ಕಡಿಯುವ ಬ್ರೇಕರ್‌ಗಳಿಗೆ ಅವರ ಕಾರ್ಖಾನೆ ನಿಕ್ಕಲ್-ಕಬ್ಬಿಣದ ಉಂಗುರ ತಯಾರಿಸುತ್ತಿತ್ತು.

"ಈ ಸಲದ ಎರಕಕ್ಕೆ ಅಯಸ್ಕಾಂತವೇ ಅಂಟುತ್ತಿಲ್ಲ. ಯಾರೋ ಬೇಕೆಂದೇ ಕೆಡಿಸಿದ್ದಾರೆ."

ಇನ್ಸ್‌ಪೆಕ್ಟರ್ ತಿರುಮಲ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಐತಪ್ಪನೊಂದಿಗೆ ಸ್ಥಳಕ್ಕೆ ಹೋದರು. ಪಂಚನಾಮೆ ಮಾಡಿ ಎರಕದ ತುಂಡುಗಳಿಗೆ ಸೀಲ್ ಹಾಕಿಸಿದರು. ಕಪಾಟಿನಲ್ಲಿ ಕ್ರೋಮಿಯಂ ಡಬ್ಬ ಬರಿದಾಗಿತ್ತು. ಬೀಗ ಒಡೆದಿರಲಿಲ್ಲ.

"ಕೀಲಿ ಯಾರ ಹತ್ತಿರ?"

"ನನ್ನ ಹತ್ತಿರ. ಇನ್ನೊಂದು ನಮ್ಮ ಲೋಹತಜ್ಞ ಕೃಷ್ಣಪ್ರಸಾದ ಅವರ ಹತ್ತಿರ."

ಮುಂದಿನ ವಾರ ಪ್ರಯೋಗಾಲಯದ ಸುಗುಣಾ ಠಾಣೆಗೆ ಬಂದು ಹೇಳಿದರು: "ಕ್ರೋಮಿಯಂ ಸುರಿದಿದ್ದಾರೆ ಸಾರ್. ಅದು ಹೆಚ್ಚಾದಷ್ಟೂ ನಿಕ್ಕಲ್‌ನ ಕಾಂತಗುಣ ಹೋಗುತ್ತೆ. ಆದರೆ ಇರಬೇಕಾದ ಮಾಲಿಬ್ಡಿನಂ ಲೋಹ ಇಲ್ಲವೇ ಇಲ್ಲ."

"ಅದಿಲ್ಲದಿದ್ದರೆ?"

"ಕ್ರೋಮಿಯಂ ಬೀಳದಿದ್ದರೆ ಅಯಸ್ಕಾಂತಕ್ಕೇನೋ ಅಂಟುತ್ತೆ, ನೋಡೋಕೂ ಚೆನ್ನಾಗಿರುತ್ತೆ. ಆದರೆ ಉಂಗುರಕ್ಕೆ ಸೂಕ್ಷ್ಮತೆ ಇರಲ್ಲ. ಸಣ್ಣ ಸೋರಿಕೆಗೆ ಬ್ರೇಕರ್ ಬೀಳಲ್ಲ. ತಂತಿ ಮುಟ್ಟಿದವರು ಸಾಯಬಹುದು."

ಕರಗಿದ ಲೋಹದಿಂದ ಮಾಲಿಬ್ಡಿನಂ ಯಾರೂ ಕದ್ದೊಯ್ಯಲಾರರು. ಅಂದರೆ ಅದನ್ನು ಹಾಕಿಯೇ ಇರಲಿಲ್ಲ. ತಿರುಮಲ ಕೃಷ್ಣಪ್ರಸಾದರನ್ನು ಕರೆಸಿದರು.

"ಕ್ರೋಮಿಯಂ ಹಾಕಿದ್ದು ನೀವಾ?" ಕನ್ನಡದಲ್ಲೇ ಕೇಳಿದರು.

ಉಡುಪಿ ಕಡೆಯ ಆ ಮನುಷ್ಯ ತಲೆ ಎತ್ತಿದರು. "ಹೌದು ಮಾರಾಯ್ರೆ, ನಾನೇ."

"ಯಾಕೆ?"

"ಮಾಲಿಬ್ಡಿನಂ ದುಬಾರಿ ಅಂತ ಧಣಿಗಳು ಬಿಡಿಸಿದ್ರು. ಬೇಡ ಬೇಡ ಅಂತ ಹೇಳಿ ನನಗೆ ಸಾಕಾಯ್ತು. ಅಯಸ್ಕಾಂತವೇ ಅಂಟದ ಮಾಲು ಅವರಿಗೂ ಮಾರ್ಲಿಕ್ಕೆ ಆಗುದಿಲ್ಲ ಅಲ್ವಾ?"

"ನಮ್ಮ ಹತ್ತಿರ ಬರಬಹುದಿತ್ತು."

"ಬಂದು ಏನು ಹೇಳುದು? ಇನ್ನೂ ಯಾರೂ ಸಾಯ್ಲಿಲ್ಲ."

ತಿರುಮಲ ಅವರ ಹೇಳಿಕೆ ಬರೆದುಕೊಂಡರು. ಆಮೇಲೆ ನಂಬಿಕೆದ್ರೋಹದ ಕಲಮಿನಡಿ ಅವರನ್ನು ದಸ್ತಗಿರಿ ಮಾಡಿದರು. ಅವರ ಹೇಳಿಕೆಯ ಮೇಲೆ ಕಮಲಾಕರರ ವಿರುದ್ಧ ಬೇರೆ ಪ್ರಕರಣವೂ ದಾಖಲಾಯಿತು. ಮಾಲಿಬ್ಡಿನಂ ಇಲ್ಲದೆ ತಯಾರಾಗಿ ರವಾನೆಗೆ ಸಿದ್ಧವಿದ್ದ ಹಳೆಯ ಉಂಗುರಗಳನ್ನು ಐತಪ್ಪ ಜಪ್ತಿ ಮಾಡಿ ತಂದ.

ಮಧ್ಯಾಹ್ನ ಕೃಷ್ಣಪ್ರಸಾದರ ಹೆಂಡತಿ ವಿನೋದಾ ಊಟ ತಂದರು. ಕಾರಣ ತಿಳಿದದ್ದು ಅವರಿಂದ. ಕೃಷ್ಣಪ್ರಸಾದರ ತಮ್ಮ ಸುಬ್ರಾಯ ಕೋಡಂಬಾಕ್ಕಂನ ಸಿನಿಮಾ ಸ್ಟುಡಿಯೋ ಒಂದರಲ್ಲಿ ಲೈಟ್‌ಮ್ಯಾನ್ ಆಗಿದ್ದ. ಒದ್ದೆ ನೆಲದ ಮೇಲೆ ನಿಂತು ವಿದ್ಯುತ್ ಸೋರುತ್ತಿದ್ದ ದೀಪದ ಸ್ಟ್ಯಾಂಡ್ ಹಿಡಿದವನು ಬಿಡಲಾಗದೆ ಸತ್ತಿದ್ದ. ಆಮೇಲೇ ಅಣ್ಣ ಒಳ್ಳೆಯ ಕೆಲಸ ಬಿಟ್ಟು ಈ ಕಾರ್ಖಾನೆ ಸೇರಿದ್ದು.

"ಅವರನ್ನು ಬಿಡ್ತೀರಾ?" ಎಂದರು ವಿನೋದಾ.

"ಅದು ಕೋರ್ಟಿಗೆ ಬಿಟ್ಟದ್ದಮ್ಮ. ನಾಳೆ ಹಾಜರುಪಡಿಸುವಾಗ ನೀವು ಹೇಳಿದ್ದನ್ನು ನಾನೇ ಹೇಳ್ತೇನೆ," ಎಂದು ಹೇಳಿ ತಿರುಮಲ ಊಟ ಒಳಗೆ ಕೊಡಲು ತಾವೇ ಎದ್ದರು.