ಅಲುಗಿದರೆ ಬೆಳಗುವ ಕೋಟು

"ನಿಮ್ಮ ಹೊಲಿಗೆ ತುಂಬಾ ಚೆನ್ನಾಗಿದೆ ಮೇಡಂ. ಅದಕ್ಕೇ ದೀಪ ಹತ್ತುತ್ತಿಲ್ಲ."

ಅವನು ನನ್ನ ಜೊತೆ ಆಡಿದ ಮೊದಲ ಮಾತು ಇದು. ಹನ್ನೆರಡು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಬಿಗಿಯಾಯಿತು ಎಂದು ಬೈಸಿಕೊಂಡಿದ್ದೇನೆ, ಸಡಿಲವಾಯಿತು ಎಂದೂ ಬೈಸಿಕೊಂಡಿದ್ದೇನೆ. ಚೆನ್ನಾಗಿದೆ ಎಂದು ಬೈಸಿಕೊಂಡದ್ದು ಅದೇ ಮೊದಲು.

"ಅಂದ್ರೆ? ಕೆಟ್ಟದಾಗಿ ಹೊಲೀಬೇಕಿತ್ತಾ?"

"ಅಯ್ಯೋ, ಹಾಗಲ್ಲ." ಅವನು ತಲೆ ಕೆರೆದುಕೊಂಡ. "ಇದು ಕರೆಂಟ್ ಹರಿಯೋ ದಾರ. ಹೋಗೋಕೆ ಒಂದು ಸಾಲು, ವಾಪಸ್ ಬರೋಕೆ ಇನ್ನೊಂದು. ಎರಡೂ ಒಂದಕ್ಕೊಂದು ತಾಗಬಾರದು. ನೀವು ನೀಟಾಗಿರ್ಲಿ ಅಂತ ಎರಡನ್ನೂ ಒಂದೇ ಮಡಿಕೆ ಒಳಗೆ ಸೇರಿಸಿ ಹೊಲಿದುಬಿಟ್ಟಿದ್ದೀರ."

ನಿಜ. ದಾರ ಹೊರಗೆ ಕಾಣುವಂತೆ ಬಿಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಮೂಗಿನ ತುದಿಗೆ ಕೋಪ ಬಂದು ಕುಳಿತಿತ್ತು. ಆದರೆ ಅವನು ನನ್ನ ಮಡಿಕೆಯನ್ನು ಬಿಚ್ಚಲು ಕುಳಿತ ರೀತಿ ನೋಡಿ ಅರ್ಧ ಇಳಿದುಹೋಯಿತು. ಮಗುವಿನ ಕಾಲಿನಿಂದ ಮುಳ್ಳು ತೆಗೆಯುವವರ ಹಾಗೆ, ಉಸಿರು ಬಿಗಿಹಿಡಿದು ಒಂದೊಂದೇ ಹೊಲಿಗೆ ಎತ್ತುತ್ತಿದ್ದ.

ವಿಷಯ ಇಷ್ಟೇ. ನನ್ನ ತಂಗಿ ಡಾನ್ಸರ್. ಅವಳ ಡಾನ್ಸ್ ಮೇಡಂ ಈ ಸಲ ಮೊದಲ ಬಾರಿಗೆ ಅವಳೊಬ್ಬಳಿಗೇ ಸ್ಟೇಜ್ ಬಿಟ್ಟುಕೊಟ್ಟಿದ್ದರು. ನಿಂತರೆ ಕತ್ತಲೆ, ಕುಣಿದರೆ ಬೆಳಕು, ಅಂಥ ಒಂದು ಕೋಟು ಬೇಕು ಎಂದರು. ಕೋಟು ಹೊಲಿಯುವ ಕೆಲಸ ನನ್ನದು, ದಾರ ಅವರೇ ತಂದುಕೊಟ್ಟಿದ್ದರು. ದೀಪ ಕೂರಿಸಲು ಮೇಡಂ ಪಕ್ಕದ ಬೀದಿಯ ಎಲೆಕ್ಟ್ರಾನಿಕ್ಸ್ ರಿಪೇರಿಯವನನ್ನು ಕಳಿಸಿದ್ದರು. ಮನೆಯಲ್ಲಿ ಅವನಿಗೆ ಮೊದಲ ದಿನವೇ ಹೆಸರು ಬಿತ್ತು, ಬಲ್ಬು.

ಬಲ್ಬು ದಿನಾ ಮೂರು ಗಂಟೆಗೆ ಹಾಜರಾಗುತ್ತಿದ್ದ. ಚಪ್ಪಲಿ ಬಿಡುವ ಮೊದಲೇ ಒಂದು ಪ್ರಶ್ನೆ.

"ನಿಮ್ಮ ತಂಗಿ ಯಾವಾಗ ಬರ್ತಾರೆ?"

"ಪ್ರಾಕ್ಟೀಸ್ ಇದೆ. ಆರೂವರೆ ಆಗುತ್ತೆ."

"ಓ, ಹೌದಾ." ಅಷ್ಟು ಹೇಳಿ ಬ್ಯಾಗು ಇಳಿಸಿ ಕೂರುತ್ತಿದ್ದ.

ಮೂಲೆಯಲ್ಲಿ ಬ್ಲೌಸಿಗೆ ಹುಕ್ಕು ಹಾಕುತ್ತಾ ಕೂರುವ ಅಮ್ಮ ಇದನ್ನು ಎರಡು ದಿನ ಕೇಳಿದಳು. ಮೂರನೇ ದಿನ ತೀರ್ಮಾನವೇ ಮಾಡಿಬಿಟ್ಟಳು. "ಬಂದಾಗೆಲ್ಲ ಚಿಕ್ಕವಳನ್ನೇ ಕೇಳ್ತಾನೆ ನೋಡು. ಒಳ್ಳೆ ಹುಡುಗ ಕಣೇ. ಜೋಡಿ ಚೆನ್ನಾಗಿರುತ್ತೆ."

ನಾನು ಸೂಜಿ ಚುಚ್ಚಿಕೊಂಡೆ. ಚುಚ್ಚಿಕೊಂಡದ್ದಕ್ಕೆ ಸೂಜಿಯನ್ನೇ ಬೈದೆ.

ಮುಚ್ಚಿಡುವುದೇನು, ನನಗೆ ಅವನೆಂದರೆ ಇಷ್ಟವಾಗಿತ್ತು. ಮೂರು ಗಂಟೆಗೆ ಐದು ನಿಮಿಷ ಇರುವಾಗಲೇ ಕತ್ತರಿ ಕೆಳಗಿಟ್ಟು ಮುಖ ತೊಳೆಯುವಷ್ಟು ಇಷ್ಟ. ಆದರೆ ತಂಗಿಗೆ ಇಪ್ಪತ್ತೆರಡು, ನಡೆದರೂ ಕುಣಿದಂತೆ ಕಾಣುತ್ತಾಳೆ. ನನಗೆ ಮೂವತ್ತೊಂದು, ಕುತ್ತಿಗೆಗೆ ಸದಾ ಅಳತೆ ಟೇಪು, ತಲೆ ಮೇಲೆ ಕನ್ನಡಕ. ಅವಳಿಗಾಗಿ ಬಂದವನ ಮೇಲೆ ಕಣ್ಣು ಹಾಕುವುದೆಂದರೆ ಏನು? ಆಸೆಯನ್ನು ಮಡಚಿ ಒಳಗಿಟ್ಟೆ.

"ಇದು ನೋಡಿ," ಎಂದ ಒಂದು ದಿನ. ಬೆರಳ ತುದಿಯಲ್ಲಿ ನಾಣ್ಯದಷ್ಟು ಸಣ್ಣ ಬೋರ್ಡು. "ಹೆಗಲ ಹತ್ತಿರ ಲೈನಿಂಗ್ ಒಳಗೆ ಕೂರಿಸೋಣ. ನಾವು ಕಲಿಸಿದ ಚಲನೆ ಕಂಡ್ರೆ ದೀಪ ಹತ್ತಿಸುತ್ತೆ. ಬೇರೇನು ಮಾಡಿದ್ರೂ ಸುಮ್ನಿರುತ್ತೆ."

"ಎಷ್ಟು ಕಲಿಯುತ್ತೆ?"

"ಎಂಟು. ಅಷ್ಟೇ ಇದರ ತಲೆ."

"ಪರವಾಗಿಲ್ಲ, ಕೆಲವರಿಗೆ ಅಷ್ಟೂ ಇರಲ್ಲ."

ಅವನು ನಕ್ಕ. ಅವನು ನಕ್ಕರೆ ಮೊದಲು ಒಂದು ಹುಬ್ಬು ಏಳುತ್ತದೆ, ಆಮೇಲೆ ಇನ್ನೊಂದು, ಬಾಯಿ ಕೊನೆಗೆ. ನಾನು ಇದನ್ನೆಲ್ಲ ಗಮನಿಸಬಾರದಿತ್ತು.

"ತಂಗಿ ಇಲ್ವಲ್ಲ," ಎಂದ. "ನಿಮ್ಮಿಬ್ಬರ ಅಳತೆ ಒಂದೇ ತಾನೇ? ಟೆಸ್ಟಿಂಗ್‌ಗೆ ನೀವೇ ಹಾಕ್ಕೊಳ್ಳಿ."

"ನಾನು ಕುಣೀಬೇಕಾ? ಕಟ್ಟಡ ಬಿದ್ದೀತು."

"ಕುಣಿಯೋದೇನೂ ಬೇಡ. ನಿಮ್ಮ ಕೆಲಸ ನೀವು ಮಾಡ್ತಿರಿ. ದೀಪ ಈಗ್ಲೇ ಹತ್ತಲ್ಲ, ಬೋರ್ಡು ಚಲನೆ ಬರ್ಕೊಳ್ಳುತ್ತೆ ಅಷ್ಟೇ."

ಹಾಗೆ ಹತ್ತು ದಿನ, ದಿನಕ್ಕೆ ಒಂದೆರಡು ಗಂಟೆ, ತಂಗಿಯ ಕೋಟು ತೊಟ್ಟು ನಾನು ಕಾಲರ್ ಕತ್ತರಿಸಿದೆ, ಕಾಜ ಹೊಲಿದೆ, ಗಿರಾಕಿಗಳ ಜೊತೆ ಜಗಳವಾಡಿದೆ. ಅವನು ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡುತ್ತಿದ್ದ. ನಾನು ತಲೆ ಎತ್ತಿದರೆ ಸ್ಕ್ರೀನ್ ನೋಡುತ್ತಿದ್ದ. ತಲೆ ತಗ್ಗಿಸಿದರೆ, ಎದುರಿನ ಟ್ರಯಲ್ ಕನ್ನಡಿಯಲ್ಲಿ ಕಾಣುತ್ತಿತ್ತು, ಸ್ಕ್ರೀನ್ ಬಿಟ್ಟು ಈ ಕಡೆ. ಕೆಲಸ ತಾನೇ, ನೋಡಲೇಬೇಕಲ್ಲ, ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ.

ಶೋಗೆ ಒಂದು ದಿನ ಮೊದಲು, ಮಧ್ಯಾಹ್ನ, ಹಾಲ್‌ನಲ್ಲಿ ರಿಹರ್ಸಲ್. ಪರದೆಗಳನ್ನೆಲ್ಲ ಎಳೆದು ಕತ್ತಲೆ ಮಾಡಿದರು. ಮ್ಯೂಸಿಕ್ ಶುರುವಾಯಿತು. ತಂಗಿ ಕೈ ಬೀಸಿದಳು, ತಿರುಗಿದಳು, ಬಗ್ಗಿದಳು, ಹಾರಿದಳು.

ಕೋಟು ಒಂದು ಸಲವೂ ಕಣ್ಣು ಮಿಟುಕಿಸಲಿಲ್ಲ.

"ಮತ್ತೆ," ಎಂದರು ಡಾನ್ಸ್ ಮೇಡಂ. ಮತ್ತೆ ಕುಣಿದಳು. ಮತ್ತೂ ಕತ್ತಲೆ. ತಂಗಿ ಮುಖ ಊದಿಸಿಕೊಂಡು ಸ್ಟೇಜಿನ ಅಂಚಿಗೆ ಬಂದಳು. ದನಿ ಒಡೆದಿತ್ತು. "ಅಕ್ಕಾ, ನಾಳೆ ನನ್ನನ್ನ ಯಾರೂ ನೋಡೋದೇ ಇಲ್ವಾ? ಎಲ್ಲಾ ಲೈಟು ಆರಿಸ್ತಾರೆ, ಈ ಕೋಟು ಬಿಟ್ರೆ ಬೇರೇನಿಲ್ಲ."

ನನ್ನ ಹೊಲಿಗೆಯೇ ಕೈಕೊಟ್ಟಿತೇನೋ. ಮತ್ತೆ ಎಲ್ಲೋ ನೀಟಾಗಿ ಮಡಚಿಬಿಟ್ಟೆನೇನೋ. "ಕೊಡಿಲ್ಲಿ," ಎಂದು ಕೋಟನ್ನು ಕಿತ್ತುಕೊಂಡು ನಾನೇ ತೊಟ್ಟೆ. ತೋಳಿನಲ್ಲಿ ಒಂದು ದಾರ ಇಣುಕುತ್ತಿತ್ತು. ಬಗ್ಗಿ ಹಲ್ಲಿನಿಂದ ಕಚ್ಚಿದೆ.

ತೋಳು ಝಗ್ಗನೆ ಹೊತ್ತಿತು.

ಗಾಬರಿಯಲ್ಲಿ ಕೂದಲನ್ನು ಕಿವಿಯ ಹಿಂದೆ ಸರಿಸಿದೆ. ಕಾಲರ್ ಹೊತ್ತಿತು. "ಏನ್ರೀ ಇದು!" ಎಂದು ಸೊಂಟಕ್ಕೆ ಕೈಯಿಟ್ಟು ಅವನ ಕಡೆ ತಿರುಗಿದೆ ನೋಡಿ, ಹೆಗಲಿಂದ ಅಂಚಿನವರೆಗೆ ಇಡೀ ಕೋಟು ಧಗಧಗ.

ಡಾನ್ಸ್ ಮೇಡಂ ಗೊಳ್ಳೆಂದು ನಕ್ಕರು. "ನಾಳೆ ಅಕ್ಕನ್ನೇ ಸ್ಟೇಜ್ ಹತ್ತಿಸೋಣ ಬಿಡಿ. ಬೈದ್ರೆ ಸಾಕು, ಊರೆಲ್ಲ ಬೆಳಕು."

ಬಲ್ಬು ಮಾತ್ರ ನಗಲಿಲ್ಲ. ನೆಲ ನೋಡುತ್ತಿದ್ದ. ಕೋಟಿನ ಬೆಳಕಿನಲ್ಲಿ ಅವನ ಕಿವಿ ಕೆಂಪಾಗಿದ್ದು ಸ್ಪಷ್ಟವಾಗಿ ಕಂಡಿತು.

"ಲ್ಯಾಪ್‌ಟಾಪ್ ತೋರಿಸಿ," ಎಂದೆ.

"ಅದು... ನಿಮಗೆ ಅರ್ಥ ಆಗಲ್ಲ ಮೇಡಂ."

"ತೋರಿಸ್ತೀರೋ ಇಲ್ವೋ?"

ತೋರಿಸಿದ. ಚೆನ್ನಾಗಿಯೇ ಅರ್ಥವಾಯಿತು. ಅಚ್ಚ ಕನ್ನಡದಲ್ಲಿ ಬರೆದಿತ್ತು, ಬೋರ್ಡಿಗೆ ಕಲಿಸಿದ ಎಂಟು ಚಲನೆಗಳು. ಎಲ್ಲರಿಗೂ ಕೇಳುವಂತೆ ದನಿ ಎತ್ತಿ ಓದಿದೆ, ಮರ್ಯಾದೆ ತೆಗೆಯೋಣವೆಂದು.

"ದಾರ ಕಚ್ಚುವುದು. ಕಿವಿ ಹಿಂದೆ ಕೂದಲು. ತಲೆ ಮೇಲಿರುವ ಕನ್ನಡಕ ಹುಡುಕುವುದು." ತಂಗಿ ಕಿಸಕ್ಕೆಂದಳು. "ಅಮ್ಮ ಬೈದಾಗ ಹೆಗಲು ಕುಣಿಸುವುದು. ಸಣ್ಣ ಕೋಪ. ದೊಡ್ಡ ಕೋಪ. ಬಾಯಿ ಮುಚ್ಚಿಕೊಂಡು ನಗುವುದು."

ಎಂಟನೆಯದಕ್ಕೆ ಬಂದಾಗ ನನ್ನ ದನಿ ತಾನಾಗಿಯೇ ನಿಂತಿತು.

'ನಾನು ಹೊರಟಾಗ ಬಾಗಿಲ ಕಡೆ ತಿರುಗಿ ನೋಡುವುದು.'

ತಿರುಗುತ್ತಿದ್ದೆ. ದಿನಾ ತಿರುಗುತ್ತಿದ್ದೆ, ಅವನು ಮೆಟ್ಟಿಲಿಳಿದ ಮೇಲೆ, ಕೋಟು ಬಿಚ್ಚುವ ಮುಂಚೆ, ಯಾರಿಗೂ ಗೊತ್ತಾಗಲ್ಲ ಅಂದುಕೊಂಡು. ಹೆಗಲೊಳಗಿನ ಆ ಚೂರು ಬೋರ್ಡು ಚಾಡಿ ಹೇಳಿಬಿಟ್ಟಿತ್ತು.

"ಏನಕ್ಕಾ, ಎಂಟನೇದು ಏನು?"

"ನೀನು ಹೋಗಿ ನೀರು ಕುಡಿ," ಎಂದೆ. ತಂಗಿ ದಡ್ಡಿಯಲ್ಲ. ಮೇಡಂ ಕೈ ಹಿಡಿದು ಎಳೆದುಕೊಂಡೇ ಹೋದಳು.

"ಒಂದೇ ಒಂದು ಹಾಕೋಣ ಅಂತಿದ್ದೆ, ಟೆಸ್ಟಿಂಗ್‌ಗೆ," ಎಂದು ಅವನು ಶುರುಮಾಡಿದ. "ಸ್ಟೆಪ್ಪುಗಳನ್ನ ಆಮೇಲೆ ಕಲಿಸಿದ್ರಾಯ್ತು ಅಂತ. ದಿನಾ ಇನ್ನೊಂದು ಕಾಣೋದು. ಎಂಟೂ ತುಂಬಿದ ಮೇಲೆ ಯಾವುದನ್ನ ತೆಗೀಲಿ ಅಂತ ತಿಳೀಲಿಲ್ಲ. ಹೇಗೂ ಅಕ್ಕ ತಂಗಿ, ಅವರೂ ಸ್ವಲ್ಪ ನಿಮ್ಮ ಹಾಗೇ ಅಲುಗಾಡಬಹುದು ಅಂತ..."

"ನನ್ನ ಹಾಗೆ ಅಲುಗಾಡಿದ್ರೆ ಅವಳನ್ನ ಡಾನ್ಸ್ ಸ್ಕೂಲಿಂದ ಓಡಿಸ್ತಾರೆ!" ಎಂದೆ. ಆಮೇಲೆ ಕೇಳಬಾರದು ಅಂದುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ನೀವು ದಿನಾ ಅವಳನ್ನೇ ಕೇಳ್ತಿದ್ರಲ್ಲ, ಯಾವಾಗ ಬರ್ತಾಳೆ ಅಂತ?"

"ಸದ್ಯಕ್ಕೆ ಬರಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ."

ಇಷ್ಟು ದಿನ ಮಡಚಿ ಇಟ್ಟಿದ್ದ ಆಸೆ ಒಂದೇ ಏಟಿಗೆ ಬಿಚ್ಚಿಕೊಂಡಿತು. ಹಾಳಾದ ಕೋಟು ಇನ್ನೂ ಮೈಮೇಲಿತ್ತು. ಬಾಯಿ ಮುಚ್ಚಿಕೊಂಡು ನಕ್ಕರೂ ಹೊತ್ತಿತು, ಕನ್ನಡಕಕ್ಕೆಂದು ತಲೆ ತಡವಿಕೊಂಡರೂ ಹೊತ್ತಿತು. ಕೊನೆಗೆ ಬಿಚ್ಚಿ ಅವನ ಮಡಿಲಿಗೆ ಎಸೆದೆ.

"ಮೊದಲು ಕೆಲಸ. ನಾಳೆ ಅವಳು ಕತ್ತಲಲ್ಲಿ ಕುಣಿದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ."

ಮೂರು ಗಂಟೆ ಹೊತ್ತು ಬೆವರು ಸುರಿಸಿದೆವು. ಬೋರ್ಡಿನಲ್ಲಿ ಹಳೆಯದನ್ನು ಅಳಿಸದೆ ಹೊಸದಕ್ಕೆ ಜಾಗವಿರಲಿಲ್ಲ. ದಾರ ಕಚ್ಚುವುದು ಹೋಯಿತು, ತಂಗಿ ಕೈ ಬೀಸುವುದು ಬಂತು. ಕಿವಿ ಹಿಂದಿನ ಕೂದಲು ಹೋಯಿತು, ಅವಳ ತಿರುವು ಬಂತು. ಕುಣಿಯುವಾಗ ಅವಳ ಹೆಗಲಿಗಿಂತ ಸೊಂಟವೇ ಹೆಚ್ಚು ಅಲುಗುತ್ತದೆ ಎಂದು ಇದಕ್ಕೆಲ್ಲ ಮೊದಲೇ ನಾನು ಬೋರ್ಡನ್ನು ಬಿಚ್ಚಿ ಸೊಂಟದ ಮಡಿಕೆಗೆ ಹೊಲಿದಿದ್ದೆ, ಈ ಸಲ ಸಾಲು ಸಾಲು ಬೇರೆಬೇರೆಯಾಗಿ. ನನ್ನ ಸಣ್ಣ ಕೋಪ ಅಳಿಸುವಾಗ ಅವನು ನಿಟ್ಟುಸಿರು ಬಿಟ್ಟ. ದೊಡ್ಡ ಕೋಪಕ್ಕೆ ಮಾತ್ರ ಬೇಗ ಕೈ ಓಡಿತು.

ಏಳು ಸ್ಟೆಪ್ಪಿಗೂ ದೀಪ ಹತ್ತಿತು. ಉಳಿದದ್ದು ಕೊನೆಯ ಹಾರಿಕೆ. ಅದೇ ಇಡೀ ಕುಣಿತದ ಜೀವ.

ಸ್ಕ್ರೀನ್ ಮೇಲೆ ನನ್ನದೊಂದೇ ಸಾಲು ಉಳಿದಿತ್ತು. ಅವನ ಬೆರಳು ಬಟನ್ ಮೇಲೆ ಹೋಗಿ ನಿಂತಿತು, ಇಳಿಯಲಿಲ್ಲ.

"ಅಕ್ಕಾ, ಕಾಲು ಹಿಡ್ಕೊಳ್ತಿದೆ, ಬೇಗ!" ಸ್ಟೇಜಿನಿಂದ ತಂಗಿ ಕೂಗಿದಳು.

"ಇದೊಂದು ಇರ್ಲಿ ಅನ್ಸುತ್ತೆ," ಎಂದ ಅವನು ಮೆಲ್ಲಗೆ.

ನಾನು ಅವನ ಬೆರಳಿನ ಮೇಲೆ ನನ್ನ ಬೆರಳಿಟ್ಟು ಒತ್ತಿದೆ. ಸಾಲು ಮಾಯವಾಯಿತು.

"ಯಾಕೆ?" ಅವನ ಮುಖ ಸಪ್ಪೆಯಾಯಿತು.

"ನೀವು ಹೊರಟ್ರೆ ತಾನೇ ನಾನು ತಿರುಗಿ ನೋಡೋದು? ಇನ್ಮೇಲೆ ಹೋಗೋದು ಬೇಡ."

ಒಂದು ಹುಬ್ಬು ಎದ್ದಿತು. ಆಮೇಲೆ ಇನ್ನೊಂದು. ಬೆರಳು ಬಟನ್ ಮೇಲೆಯೇ ಇತ್ತು, ಅವನದರ ಮೇಲೆ ನನ್ನದು. ರೆಕಾರ್ಡ್ ಒತ್ತಿದೆವು. ತಂಗಿ ಓಡಿಬಂದು ಹಾರಿದಳು. ಇನ್ನೊಮ್ಮೆ ಹಾರಿದಳು. ಹಾಲ್ ತುಂಬ ಬೆಳಕು ಚೆಲ್ಲಿರಬೇಕು, ಡಾನ್ಸ್ ಮೇಡಂ ಚಪ್ಪಾಳೆ ತಟ್ಟುತ್ತಿದ್ದರು.

"ಹತ್ತಿತು! ಅಕ್ಕಾ, ನೋಡಿದ್ಯಾ? ನೋಡಿದ್ಯೇನೇ?"

"ನೋಡ್ದೆ, ನೋಡ್ದೆ," ಎಂದೆ. ನಾವಿಬ್ಬರೂ ಆ ಕಡೆ ನೋಡುತ್ತಲೇ ಇರಲಿಲ್ಲ.